ಕಾಕಾ ಬಿಟ್ಟ ಕಾಲು

ಹುತುತು, ಅಂದರೆ ಕಬಡ್ಡಿ, ಆಡುವವನಿಗೆ ಕಾಲಿಗಿಂತ ಉಸಿರು ಮುಖ್ಯ. ತಮ್ಮಣ್ಣ ಆ ಉಸಿರನ್ನು ಕಲಿತದ್ದು ಸನ್ನತಿಯ ಹೊಳೆಯಲ್ಲಿ. ಅಪ್ಪ ಸತ್ತ ಮೇಲೆ ಸಾಕಿದ ಕಾಕಾ ಮಾಣಿಕಪ್ಪ ಅವನನ್ನು ಭೀಮೆಯಲ್ಲಿ ಮುಳುಗಿಸಿ ಕಾಲು ಹಿಡಿದುಕೊಂಡು ನಿಲ್ಲುತ್ತಿದ್ದ. ಕ್ರೌರ್ಯ ಅನ್ನಬೇಡಿ, ಅಂಬಿಗರ ಮನೆಯ ಮೊದಲ ಪಾಠವೇ ಅದು. ಅದಕ್ಕೊಂದು ಕಟ್ಟಳೆಯೂ ಇತ್ತು. ಹಿಡಿದ ಕಾಲು ಸಣ್ಣಗೆ ನಡುಗಿತೋ, ಉಸಿರು ತೀರಿತು ಎಂದರ್ಥ. ಕೂಡಲೇ ಬಿಟ್ಟು ಮೇಲೆತ್ತಬೇಕು. ಅಲ್ಲಿ ತಡಮಾಡಿದವನನ್ನು ಮತ್ತೆ ಯಾರೂ ದೋಣಿ ಹತ್ತಿಸುತ್ತಿರಲಿಲ್ಲ.

ಹತ್ತೊಂಬತ್ತಕ್ಕೆಲ್ಲ ತಮ್ಮಣ್ಣನ ಹೆಸರು ಚಿತ್ತಾಪುರ ದಾಟಿತ್ತು. ಸೇಡಮ್ಮಿನಲ್ಲಿ ಒಂದೇ ಉಸಿರಿಗೆ ಐವರನ್ನು ಮುಟ್ಟಿ ಬಂದಿದ್ದ. ರಜಾಕಾರರ ಗದ್ದಲ ಅಡಗಿ ಎರಡು ವರ್ಷವಾಗಿತ್ತು. ವಾಡಿಯ ಸುಣ್ಣದ ಗಿರಣಿಯ ಮ್ಯಾನೇಜರ ಅಮೃತಪ್ಪ ಮನೆ ಹುಡುಕಿಕೊಂಡು ಬಂದ.

"ನಮ್ಮ ಟೀಮಿನ್ಯಾಗ ಆಡು. ಪಗಾರ ಕೊಡ್ತೀವಿ, ಇರಲಿಕ್ಕ ಖೋಲಿ ಕೊಡ್ತೀವಿ."

ಆಡಿದ್ದಕ್ಕೆ ಪಗಾರ! ಊರೆಲ್ಲ ನಕ್ಕಿತು. ಮಾಣಿಕಪ್ಪ ಮಾತ್ರ ನಗಲಿಲ್ಲ.

"ಆಟ ಸಂಜೀಕ. ಹಗಲೆಲ್ಲ ಏನು ಕೆಲಸಂತ ಕೇಳಿದೇನು?"

ಕೇಳಿರಲಿಲ್ಲ. ಹಗಲಿನ ಕೆಲಸ ಸುಣ್ಣ ಅರೆಯುವ ಕೋಣೆಯಲ್ಲಿತ್ತು. ಎಂಥ ಬುದ್ಧಿವಂತರು ನೋಡಿ! ಯಾವ ಉಸಿರಿಗೆ ಮಾರುಹೋಗಿ ಕರೆತಂದರೋ, ಅದೇ ಉಸಿರಿಗೆ ಮೂರು ವರ್ಷ ಸುಣ್ಣದ ಪುಡಿ ತುಂಬಿದರು. ಗೆದ್ದ ಢಾಲುಗಳು ಅಮೃತಪ್ಪನ ಆಫೀಸಿನಲ್ಲಿ ಕೂತವು, ಕೆಮ್ಮು ತಮ್ಮಣ್ಣನ ಎದೆಯಲ್ಲಿ ಕೂತಿತು.

"ನಾ ರೊಟ್ಟಿ ಬಡಿಯೂ ಸಪ್ಪಳಕ್ಕಿಂತ ನಿಮ್ಮ ಕೆಮ್ಮೇ ಜೋರಾಗ್ಯಾದ" ಎಂದು ಹೆಂಡತಿ ಯಂಕಮ್ಮ ನಗಾಡಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ತಮ್ಮಣ್ಣ ಅಮೃತಪ್ಪನ ಮುಂದೆ ಕೈಮುಗಿದು ನಿಂತ. "ಸಾಹೇಬ್ರ, ನನಗ ಹೊರಗ ಗಾಡಿ ತೂಗೂ ಕಾಂಟಾದ ಮ್ಯಾಲ ಹಾಕ್ರಿ. ಒಳಗ ಉಸುರು ಆಡವಲ್ದು."

"ಶಹಾಬಾದದವರಿಗಿ ಸೋಲಿಸು. ಮರುದಿನಾನೇ ಕಾಂಟಾ ನಿಂದು."

ಶಹಾಬಾದದ ಫರ್ಸಿ ಕಲ್ಲಿನ ಖಣಿಯ ಟೀಮಿನಲ್ಲಿ ಆಗ ಮಾಣಿಕಪ್ಪನೇ ಇದ್ದ. ದೋಣಿಯಿಂದ ಹೊಟ್ಟೆ ತುಂಬದೆ ಅವನೂ ಖಣಿ ಸೇರಿದ್ದ. ನಲವತ್ತೈದು ದಾಟಿದ್ದರೂ ಅವನು ಹಿಡಿದ ಕಾಲನ್ನು ಬಿಡಿಸಿಕೊಂಡು ಹೋದವರಿರಲಿಲ್ಲ.

ದೀಪಾವಳಿ ಮುಗಿದ ವಾರ ಪಂದ್ಯ ನಡೆಯಿತು. ಎರಡೂ ಕಡೆ ಸಮಸಮ, ಉಳಿದದ್ದು ಒಂದೇ ಸರದಿ. ಎದುರಾಳಿಗಳ ಅಂಗಳದಲ್ಲಿ ಉಸಿರು ಮುರಿದರೆ ಆಟಗಾರ ಔಟು. ತೀರ್ಪು ಕೊಡುವ ಪಂಚರಿಗೆ ಅದು ಕೇಳಿಸದಿದ್ದರೆ ಆಡಿದವನೇ ಗಂಟಲು ಮುಟ್ಟಿ ಕೈ ಎತ್ತಿ ಒಪ್ಪಿಕೊಳ್ಳಬೇಕೆಂಬುದು ಈ ಕಡೆಯ ರಿವಾಜು. ಹಾಗೆ ಒಪ್ಪಿಕೊಂಡವರನ್ನು ಕಂಡವರು ಮಾತ್ರ ಕಡಿಮೆ.

ತಮ್ಮಣ್ಣ "ಹುತುತುತು" ಎನ್ನುತ್ತ ನುಗ್ಗಿ ಒಬ್ಬನನ್ನು ಮುಟ್ಟಿ ತಿರುಗಿದ. ಮಾಣಿಕಪ್ಪ ಹಾರಿ ಅವನ ಕಾಲು ಹಿಡಿದ. ನಡುಗೆರೆ ಇನ್ನೊಂದು ಮೊಳ. ಜನರ ಕೂಗಾಟದಲ್ಲಿ ಪಂಚರಾಗಿದ್ದ ಶಹಾಬುದ್ದೀನ ಮಾಸ್ತರರಿಗೆ ಏನೂ ಕೇಳಿಸುತ್ತಿರಲಿಲ್ಲ. ತಮ್ಮಣ್ಣನ ಎದೆ ಕಟ್ಟಿತು, ಉಸಿರು ಮುರಿಯಿತು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಕಾಲು ಸಣ್ಣಗೆ ನಡುಗಿತು.

ಆ ನಡುಕ ಅಂಗೈಗೆ ತಾಗಿದ್ದೇ ತಡ, ಮಾಣಿಕಪ್ಪ ಕಾಲು ಬಿಟ್ಟ. ಸಾಲದ್ದಕ್ಕೆ ಕಂಕುಳಿಗೆ ಕೈಕೊಟ್ಟು ಮೇಲೆತ್ತಲೂ ಹೋದ. ಅಷ್ಟರಲ್ಲಿ ತಮ್ಮಣ್ಣನ ಕೈ ಗೆರೆ ಮುಟ್ಟಿತ್ತು. ವಾಡಿ ಗೆದ್ದಿತೆಂದು ಮಾಸ್ತರರು ಸಾರಿಬಿಟ್ಟರು.

"ಅಣ್ಣನ ಮಗಾ ಅಂತ ಬಿಟ್ಟುಕೊಟ್ಟೇನೋ ಮುದುಕಾ! ಉಂಡ ಮನಿ ಜಂತಿ ಎಣಿಸ್ತೀ?" ಶಹಾಬಾದದವರು ಮುತ್ತಿಕೊಂಡರು. ಒಬ್ಬ ಮಾಣಿಕಪ್ಪನ ರಟ್ಟೆ ಹಿಡಿದು ನೂಕಿದ. ಅವನಿಗೆ ಅದರ ಪರಿವೆಯೇ ಇಲ್ಲ, ತಮ್ಮಣ್ಣನ ಬೆನ್ನು ತಿಕ್ಕುತ್ತ ಕೂತಿದ್ದ.

"ಉಸುರು ಬಂತೇನೋ ತಮ್ಮಾ? ನಿಧಾನಕ ತಗೋ."

ಅತ್ತ ಅಮೃತಪ್ಪ ಹಾರ ಹಿಡಿದು ನಗುತ್ತಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ನಾಳೆಯಿಂದ ಕಾಂಟಾ, ಬಯಲ ಗಾಳಿ. ತಮ್ಮಣ್ಣನಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ಭಾಳ ಆಸೆಯಾಯಿತು. ಅಷ್ಟರಲ್ಲಿ ಯಾರೋ ಕಾಕಾನ ರುಮಾಲು ಕಿತ್ತು ಮಣ್ಣಿಗೆಸೆದರು.

ತಮ್ಮಣ್ಣ ಎದ್ದು ನಿಂತ. ಗಂಟಲು ಮುಟ್ಟಿ ಕೈ ಎತ್ತಿದ.

"ಖರೇ ಏನು?" ಮಾಸ್ತರರು ಹತ್ತಿರ ಬಂದು ಕೇಳಿದರು.

"ಖರೇರಿ. ಉಸುರು ಮುರದಿತ್ತು. ಕಾಕಾಗ ಗೊತ್ತಾಗ್ಯಾದ, ಅದಕ್ಕ ಬಿಟ್ಟಾನ."

ಮಾಸ್ತರರು ತೀರ್ಪು ತಿರುಗಿಸಿ ಶಹಾಬಾದ ಗೆದ್ದಿತೆಂದು ಸಾರಿದರು. ಅಮೃತಪ್ಪ ಹಾರವನ್ನು ಜವಾನನ ಕೈಗೆ ತುರುಕಿದ. "ಸೋಮವಾರ ಸುಣ್ಣ ಅರಿಯೂ ಖೋಲಿಗೇ ಬಾ" ಎಂದು ಹೊರಟುಹೋದ.

ಸ್ಟೇಷನ್ನಿನ ದಾರಿಯುದ್ದಕ್ಕೂ ಮಾಣಿಕಪ್ಪ ಬೈದ. "ಸುಮ್ಮಕಿದ್ರ ನಿನ್ನ ಗಂಟೇನು ಹೋಗ್ತಿತ್ತೋ ಹುಚ್ಚಾ? ನನಗ ನಾಕು ದಿನ ಬೈದು ಬಿಡ್ತಿದ್ರು."

"ನೀ ಆಟ ಮಾರಿಕೊಂಡಿ ಅಂದ್ರಲ್ಲ ಕಾಕಾ."

"ಅನ್ಲಿ! ನಾ ಬಿಟ್ಟಿದ್ದು ನೀ ಗೆಲ್ಲಲಿ ಅಂತಲ್ಲೋ. ನೀ ಬದುಕಲಿ ಅಂತ."

ಸೋಮವಾರ ತಮ್ಮಣ್ಣ ಗಿರಣಿಗೆ ಹೋದ. ಕೊರಳಲ್ಲಿದ್ದ ಗಿರಣಿ ಕೆಲಸದ ಹಿತ್ತಾಳೆ ಬಿಲ್ಲೆಯನ್ನು ಬಿಚ್ಚಿ ಅಮೃತಪ್ಪನ ಮೇಜಿನ ಮೇಲಿಟ್ಟ.

"ಹೊಂಟೇನು? ಮುಂದಿನ ಸಲ ಆಡೋರ್‍ಯಾರು?"

"ಆಡೋರು ಸಿಗ್ತಾರ್ರಿ" ಎಂದ ತಮ್ಮಣ್ಣ. ಕೆಮ್ಮು ಬಂತು, ಅದು ನಿಲ್ಲುವ ತನಕ ಕಾದ. "ಅವರಿಗೆ ಅರಿಯೂ ಖೋಲಿಗಿ ಹಾಕಬ್ಯಾಡ್ರಿ."

ಯಂಕಮ್ಮ ಗಂಟು ಕಟ್ಟಿಕೊಂಡು ಗೇಟಿನ ಹೊರಗೆ ನಿಂತಿದ್ದಳು.