ನೀರುನಾಯಿಯ ಮೇಲೆ ಬಂದ ದೂರು

ದಂಡು ಹಾದುಹೋದ ವರ್ಷ ತೊಣ್ಣೂರು ಕೆರೆಯ ಸುತ್ತಲ ಊರುಗಳಲ್ಲಿ ಕಾಳು ತುಂಬಿಡುವ ಹಗೇವುಗಳೆಲ್ಲ ಬಾಯಿ ತೆರೆದುಕೊಂಡು ಬಿದ್ದಿದ್ದವು. ಮಣ್ಣಿನಡಿ ಹೂತಿಟ್ಟ ರಾಗಿಯನ್ನೂ ಸಿಪಾಯಿಗಳು ಈಟಿಯಿಂದ ತಿವಿದು ತಿವಿದು ಹುಡುಕಿ ಹೊತ್ತೊಯ್ದಿದ್ದರು. ಆ ಬೇಸಿಗೆಯಲ್ಲೇ ಕಮ್ಮಾರ ಕಾಳಪ್ಪನ ಹೆಂಡತಿ ಮೂಗಮ್ಮ ಹೆಣ್ಣುಮಗು ಹೆತ್ತಳು. ಹೊಟ್ಟೆಗಿಲ್ಲದ ಬಾಣಂತಿಗೆ ಎದೆಹಾಲು ಇಳಿಯಲಿಲ್ಲ.

ಸೂಲಗಿತ್ತಿ ಚಲುವಮ್ಮ ಮಗುವಿನ ಒಣತುಟಿ ನೋಡಿ ಕಾಳಪ್ಪನನ್ನು ಹಿತ್ತಲಿಗೆ ಕರೆದಳು.

"ನಿಮ್ ಜನ ತಿನ್ನಕ್ಕಿಲ್ಲ, ಗೊತ್ತು. ಆದ್ರೂ ಯೋಳ್ತೀನಿ. ಕೊರವ ಮೀನಿನ ಸಾರು ಕುಡುದ್ರೆ ಹಾಲು ಇಳೀತದೆ. ಕೂಸು ಬೇಕೋ ಮಡಿ ಬೇಕೋ ನೀನೇ ನೋಡ್ಕೊ."

ಕಮ್ಮಾರರು, ಅಕ್ಕಸಾಲಿಗಳು ಇದ್ದ ಆಚಾರರ ಕೇರಿಯಲ್ಲಿ ಮೀನು ಬೇಯುವುದಿರಲಿ, ಅದರ ಹೆಸರೆತ್ತಿದರೂ ಹಿರಿಯರು ಮುಖ ಸಿಂಡರಿಸುತ್ತಿದ್ದರು. ಬೆಸ್ತರ ದಾಸಯ್ಯನನ್ನು ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ ಎಂದು ಕಾಳಪ್ಪ ಹೆದರಿದ. ಕೇಳಲಿಲ್ಲ, ಕದ್ದ.

ಕೆರೆ ಆಗ ತೂಬಿನ ಕಲ್ಲಿಗಿಂತ ಕೆಳಗೆ ಇಳಿದಿತ್ತು. ಗೆಂಡೆ ಮೀನುಗಳು ಬಂಡೆಗಳ ನಡುವಿನ ಮಡುವು ಸೇರಿದ್ದರಿಂದ ಬೀಸುಬಲೆಗೆ ಏನೂ ಬೀಳುತ್ತಿರಲಿಲ್ಲ. ಬಾಳೆಮೀನನ್ನಂತೂ ಆ ವರ್ಷ ಕಂಡವರೇ ಇಲ್ಲ. ಕೆಸರಲ್ಲೂ ಬದುಕುವ ಕೊರವ ಮಾತ್ರ ಜೊಂಡಿನ ಬುಡದಲ್ಲಿ ಉಳಿದಿತ್ತು. ದಾಸಯ್ಯ ಅಲ್ಲಿ ಬಿದಿರಿನ ಕೂಳಿಗಳನ್ನು ಒಡ್ಡುತ್ತಿದ್ದ. ಒಳಗೆ ನುಗ್ಗಿದ ಮೀನು ಹೊರಗೆ ಬರಲಾಗದ ಬುಟ್ಟಿಗಳು ಅವು. ಅವನ ಮನೆಮಂದಿಯ ಹೊಟ್ಟೆಗೂ ಅದೇ ಆಧಾರ.

ನಸುಕಿನಲ್ಲಿ ಕಾಳಪ್ಪ ಮೊಣಕಾಲುದ್ದ ಕೆಸರಿಗಿಳಿದು ಕೂಳಿಯಿಂದ ಒಂದು ಮೀನು ತೆಗೆದ. ಮೂಗಮ್ಮ ಮೂಗು ಹಿಡಿದುಕೊಂಡು ಸಾರು ಕುಡಿದಳು, ವಾಂತಿ ಮಾಡಿದಳು, ಮತ್ತೆ ಕುಡಿದಳು. ಕೆಲವು ದಿನಗಳಲ್ಲಿ ಹಾಲು ಬಂತು. ಹಾಲು ಬಂದಮೇಲೂ ಕಾಳಪ್ಪ ಕೆರೆಗೆ ಹೋಗುವುದನ್ನು ಬಿಡಲಿಲ್ಲ. ಮುಳ್ಳುಗಳನ್ನು ಕುಲುಮೆಯ ಬೂದಿಯಲ್ಲಿ ಹೂತುಬಿಡುತ್ತಿದ್ದ.

ಒಂದು ಮಧ್ಯಾಹ್ನ ದಾಸಯ್ಯನೇ ಕುಲುಮೆಗೆ ಬಂದ. ಕಾಳಪ್ಪ ಬೂದಿಯ ಗುಡ್ಡೆಗೆ ಅಡ್ಡವಾಗಿ ಸರಿದು ನಿಂತ.

"ಆಚಾರ್ರೇ, ಮೂರು ಮೊನೆ ಈಟಿ ಒಂದು ಬಡುದ್ಕೊಡಿ. ಕೂಳಿಗೆ ನೀರ್ನಾಯಿ ಬಾಯಾಕ್ತಾ ಅದೆ."

"ನೀರ್ನಾಯಿನೇ ಅಂತ ಎಂಗೇಳ್ತೀಯ?"

"ಇನ್ಯಾರು? ಇಂಥ ಕಾಲದಲ್ಲಿ ಇನ್ನೊಬ್ರ ಕೂಳಿಗೆ ಕೈ ಹಾಕೋ ಅಂಥ ಮನ್ಸ ನಮ್ಮೂರಾಗೆ ಅವ್ನಾ?"

ಕಾಳಪ್ಪ ತಿದಿ ಒತ್ತಿದ. ಆ ಗಳಿಗೆಯಲ್ಲೇ ಹೇಳಿಬಿಡಬಹುದಿತ್ತು. ಆದರೆ ಎದುರಿನ ಜಗಲಿಯಲ್ಲಿ ಅವನ ಷಡ್ಡಕ, ಅಕ್ಕಸಾಲಿ ಮಂಜುನಾಥ ಕೂತಿದ್ದ. ಕಾಳಪ್ಪ ತಲೆ ಎತ್ತದೆ ಕಬ್ಬಿಣ ಕಾಯಿಸಿದ, ಬಡಿದ, ಮೂರು ಮೊನೆಯನ್ನೂ ಸಾಣೆ ಹಿಡಿದು ಕೊಟ್ಟ. ನಾನು ಹೋಗದಿದ್ದರೆ ಕಳ್ಳತನ ನಿಲ್ಲುತ್ತದೆ, ಈಟಿ ಮೂಲೆ ಸೇರುತ್ತದೆ ಎಂದುಕೊಂಡ.

ಮೂರನೆಯ ಬೆಳಗ್ಗೆ ಏರಿಯ ಮೇಲಿಂದ ದಾಸಯ್ಯ ಕೂಗಿದ: "ಆಚಾರ್ರೇ, ಕಳ್ಳ ಸಿಕ್ಬುಟ್ಟ ಬನ್ನಿ!"

ಕಾಳಪ್ಪ ಓಡಿಹೋಗಿ ನೋಡಿದರೆ, ಹುಲ್ಲಿನ ಮೇಲೆ ನೀರುನಾಯಿ ಬಿದ್ದಿತ್ತು. ಮೂರು ಮೊನೆಯೂ ಪಕ್ಕೆಯಲ್ಲಿ ನಾಟಿದ್ದವು. ಅದರ ಹೊಟ್ಟೆಯ ಕೂದಲು ಒದ್ದೆಯಾಗಿ ಸರಿದು ಮೊಲೆಗಳು ಕಾಣುತ್ತಿದ್ದವು. ಒಂದರ ತುದಿಯಲ್ಲಿ ಹಾಲು ಜಿನುಗಿತ್ತು. ಜೊಂಡಿನೊಳಗಿಂದ ಸಿಳ್ಳಿನಂಥ ಸಣ್ಣ ದನಿ ಕೇಳುತ್ತಿತ್ತು.

"ಮರಿ ಆಕಿತ್ತಲ್ಲ," ಎಂದ ದಾಸಯ್ಯ. ಅವನ ದನಿಯ ಹುರುಪು ಇಳಿದಿತ್ತು. "ಕೂಳಿ ಅತ್ರ ಬಂತು, ಚುಚ್ಬುಟ್ಟೆ."

ಕಾಳಪ್ಪ ಅಲ್ಲೇ ಕುಕ್ಕರಿಸಿದ. "ಅದಲ್ಲ ಕಣೋ ದಾಸಯ್ಯ. ನಾನು. ಮೀನು ತಗೊಂಡೋಗ್ತಿದ್ದೋನು ನಾನು."

ದಾಸಯ್ಯನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಈಟಿಯನ್ನು ನೋಡಿದ, ಅದನ್ನು ಬಡಿದ ಕೈಗಳನ್ನು ನೋಡಿದ.

"ಬಾಣಂತಿಗೆ?"

"ಊಂ."

"ಕೇಳಿದ್ರೆ ನಾನು ಕೊಡ್ತಿರ್ನಿಲ್ವಾ?"

"ನಾಚ್ಕೆ ಆಯ್ತು."

"ಯಾವುದ್ಕೆ ಆಚಾರ್ರೇ? ಕದಿಯಕ್ಕಾ, ನಾವು ತಿನ್ನೋದ ತಿನ್ನಕ್ಕಾ?"

ಕಾಳಪ್ಪನ ಕಣ್ಣು ಆಚಾರರ ಕೇರಿಯ ಕಡೆ ಹೊರಳಿತು. ಕದಿಯುವಾಗ ಒಂದು ದಿನವೂ ಅವನು ಅಳುಕಿರಲಿಲ್ಲ. ಕೇರಿಯವರು ಮೂಸಿಬಿಟ್ಟಾರೆಂದೇ ಅವನು ಹೆದರಿದ್ದು. ಅದು ದಾಸಯ್ಯನಿಗೂ ತಿಳಿದುಹೋಯಿತು. ಅವನು ಬೈಯಲಿಲ್ಲ, ಪಂಚೆ ಮೇಲೆ ಕಟ್ಟಿಕೊಂಡು ಜೊಂಡಿಗಿಳಿದ. ಕಾಳಪ್ಪನೂ ಹಿಂದೆಯೇ ಇಳಿದ. ಮಧ್ಯಾಹ್ನದವರೆಗೆ ಹುಡುಕಿದರು. ಇವರು ಹತ್ತಿರ ಹೋದಂತೆಲ್ಲ ದನಿ ದೂರ ಸರಿಯುತ್ತಿತ್ತು, ಕಡೆಗೆ ನಿಂತೇಹೋಯಿತು.

ಮೇಲೆ ಬಂದಾಗ ದಾಸಯ್ಯ ಕೂಳಿಯಿಂದ ಒಂದು ಕೊರವ ತೆಗೆದು ಕಾಳಪ್ಪನ ಮುಂದೆ ಹಿಡಿದ.

"ತಗೊಂಡೋಗಿ. ಆದ್ರೆ ಹಿತ್ಲ ಕಡೆಯಿಂದ ಓಗ್ಬ್ಯಾಡಿ, ಬೀದಿಲಿ ಓಗಿ."

ಹೊದ್ದ ಪಂಚೆಯಲ್ಲಿ ಸುತ್ತಿದರೂ ಮೀನಿನ ಬಾಲ ಹೊರಗೇ ಇತ್ತು. ಆಚಾರರ ಕೇರಿಯಲ್ಲಿ ಬಾಗಿಲುಗಳೆಲ್ಲ ತೆರೆದಿದ್ದವು. ಮಂಜುನಾಥ ಜಗಲಿಯಿಂದ ಎದ್ದು ನಿಂತ.

"ಏನ್ಲಾ ಕಾಳ ಅದು?"

"ಮೀನು," ಎಂದ ಕಾಳಪ್ಪ. ಅವನ ಮುಖ ಕುಲುಮೆಯ ಮುಂದೆ ನಿಂತವನಂತೆ ಉರಿಯುತ್ತಿತ್ತು. "ಮೂಗಮ್ಮಂಗೆ. ಇಷ್ಟು ದಿನ ದಾಸಯ್ಯನ ಕೂಳಿಲಿ ಕದ್ದು ತರ್ತಿದ್ದೆ. ಇವತ್ತು ಅವನೇ ಕೊಟ್ಟ."

ಮಂಜುನಾಥ ಒಳಗೆ ಹೋಗಿ ಕದ ಹಾಕಿಕೊಂಡ. ಪಕ್ಕದ ಮನೆಯ ಕದವೂ ಮುಚ್ಚಿತು. ಕಾಳಪ್ಪ ಬೇಗ ಹೆಜ್ಜೆ ಹಾಕಬೇಕೆಂದುಕೊಂಡ, ಆಗಲಿಲ್ಲ. ಕೆಸರು ಒಣಗಿದ ಕಾಲುಗಳನ್ನು ಎಳೆಯುತ್ತ, ಕೇರಿಯ ಕೊನೆಯಲ್ಲಿದ್ದ ತನ್ನ ಮನೆಯವರೆಗೂ ನಡೆದ.