ಕೌಂಟರಿನಿಂದ ಹೋದ ಕೋಡು

ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆಲ್ಲ ಸ್ಕ್ಯಾನಿಂಗ್ ಸೆಂಟರಿನ ಕುರ್ಚಿಗಳು ತುಂಬಿಹೋಗುತ್ತಿದ್ದವು. ಕೌಂಟರಿನಲ್ಲಿ ಕೂರುವವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುವುದು. ಒಂದು ಕಿವಿಗೆ ಫೋನು, ಒಂದು ಕೈಯಲ್ಲಿ ಮೌಸು. ಬಾತ್‌ರೂಮ್ ಎಲ್ಲಿದೆ ಎಂದು ಕೇಳುವವರಿಗೆ ಗದ್ದ ಎತ್ತಿಯೇ ದಿಕ್ಕು ತೋರಿಸುವಳು.

ಅವಳ ಮೇಜಿನ ಮೇಲೆ ಸೆಂಟರಿನದೇ ಒಂದು ಮೊಬೈಲ್ ಇತ್ತು. ಡಾಕ್ಟರು ಮನೆಯಿಂದ ಸ್ಕ್ಯಾನ್ ಚಿತ್ರ ನೋಡಬೇಕಾದರೆ ಪಾಸ್‌ವರ್ಡ್ ಒಂದೇ ಸಾಲದು, ಫೋನಿಗೆ ಬರುವ ಕೋಡೂ ಬೇಕು. ಆದರೆ ಕೆಲಸದ ನಡುವೆ ಫೋನು ಗುಂಯ್‌ಗುಟ್ಟಿದರೆ ಡಾಕ್ಟರಿಗೆ ಪಿತ್ತ ನೆತ್ತಿಗೇರುತ್ತಿತ್ತು. ಹಾಗಾಗಿ ಕೋಡು ಕೌಂಟರಿನ ಮೊಬೈಲಿಗೆ ಬರುವಂತೆ ಮಾಡಿಸಿದ್ದರು. ಕೇಳಿದಾಗ ಅಕ್ಕ ಓದಿ ಹೇಳುವುದು. ಬಾಗಿಲಿಗೆ ಎರಡು ಬೀಗ ಜಡಿದು, ಒಂದರ ಕೀಲಿಯನ್ನು ಕೇಳಿದವರ ಕೈಗೆ ಕೊಡುವಂಥ ಏರ್ಪಾಡು! ಎಲ್ಲರಿಗೂ ಅನುಕೂಲವಾಗಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕಂಪ್ಯೂಟರುಗಳನ್ನು ನೋಡಿಕೊಳ್ಳುವವನಿಗೆ ಸಿಸ್ಟಮ್ ಸರ್ ಎಂಬ ಅಡ್ಡಹೆಸರು. ಅವನು ಒಮ್ಮೆ ಎಲ್ಲರನ್ನೂ ಕೂರಿಸಿ ಫಿಶಿಂಗ್, ಮಾಲ್‌ವೇರ್, ರಾನ್ಸಮ್‌ವೇರ್, ಟು-ಫ್ಯಾಕ್ಟರ್ ಎಂದು ಪಟಪಟನೆ ಒದರಿ, "ಅರ್ಥ ಆಯ್ತಲ್ಲ?" ಎಂದಿದ್ದ. ಎಲ್ಲರೂ ಗೋಣು ಆಡಿಸಿದರು.

"ಸರ್, ಈ ಟು-ಫ್ಯಾಕ್ಟರ್ ಅಂದ್ರೇನು?" ಅಕ್ಕನೊಬ್ಬಳೇ ಕೇಳಿದ್ದಳು.

"ಅಯ್ಯೋ ಅಕ್ಕ, ದಿನಾ ಅದನ್ನೇ ಮಾಡ್ತೀರಲ್ಲ!" ಅವನು ನಕ್ಕುಬಿಟ್ಟ.

"ಕೋಡು ಬಂದ್ರೆ ಓದಿ ಹೇಳಿ, ಅಷ್ಟೇ. ಅದಕ್ಕಿಂತ ಮೇಲಿಂದೆಲ್ಲ ನಿಮಗ್ಯಾಕೆ?" ಎಂದರು ಮ್ಯಾನೇಜರ್. ಕೋಣೆಯೇ ಗೊಳ್ಳೆಂದಿತು. ಪೆಚ್ಚಾದ ಅಕ್ಕನೂ ನಕ್ಕಳು. ಆಮೇಲೆ ಅವಳು ಯಾರನ್ನೂ ಏನೂ ಕೇಳಲು ಹೋಗಲಿಲ್ಲ.

ಒಂದು ಬೆಳಿಗ್ಗೆ ಫೋನು ಬಂತು. "ಅಕ್ಕಾ, ಸಾಫ್ಟ್‌ವೇರ್ ಕಂಪನಿಯಿಂದ ಮಾತಾಡ್ತಿರೋದು. ಡಾಕ್ಟರ ಜೊತೇಲೇ ಇದ್ದೀನಿ. ಕೋಡ್ ಬಂದಿರುತ್ತೆ, ಸ್ವಲ್ಪ ಓದ್ತೀರಾ?" ಅಕ್ಕ ಅಂದನಲ್ಲ, ನಮ್ಮವನೇ ಇರಬೇಕು ಎಂದುಕೊಂಡು ಓದಿದಳು.

ಸ್ವಲ್ಪ ಹೊತ್ತಿಗೆ ಡಾಕ್ಟರು ಒಬ್ಬರೇ ಒಳಬಂದರು.

"ಕೋಡ್ ಸರಿ ಹೋಯ್ತಾ ಸರ್?"

"ಯಾವ ಕೋಡು? ಈಗ ತಾನೆ ಕಾರಿಂದ ಇಳಿದು ಬರ್ತಿದ್ದೀನಿ," ಎನ್ನುತ್ತಾ ಅವರು ನಿಲ್ಲದೆ ಹೊರಟುಹೋದರು.

ಹಾಗಾದರೆ ಫೋನು ಮಾಡಿದ್ದವನು ಯಾರು? ಎದ್ದು ಹೋಗಿ ಹೇಳಿಬಿಡಬೇಕು ಎನಿಸಿತು. ಆದರೆ ಈಚೆಗೆ ಒಬ್ಬರ ರಿಪೋರ್ಟನ್ನು ಇನ್ನೊಬ್ಬರಿಗೆ ಕೊಟ್ಟ ಟೆಕ್ನಿಷಿಯನ್ನನ್ನು ಮ್ಯಾನೇಜರ್ ರೋಗಿಗಳೆದುರೇ ಬೈದು ನೀರಿಳಿಸಿದ್ದು ನೆನಪಾಯಿತು. ಏನೂ ಆಗಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಸಾಲಿನಲ್ಲಿದ್ದವರನ್ನು ಕರೆದಳು.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರುಗಳು ಒಂದೊಂದಾಗಿ ಕಪ್ಪಾದವು. ಪರದೆಯ ಮೇಲೆ ಒಂದೇ ಒಕ್ಕಣೆ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಕೀಲಿ. ಸಿಸ್ಟಮ್ ಸರ್ ಓಡಿ ಬಂದ. ಬ್ಯಾಕಪ್ ಎಂದು ಇನ್ನೊಂದು ಪ್ರತಿ ಇಟ್ಟಿದ್ದ ಡಿಸ್ಕನ್ನು ದಿನಾ ಕಿತ್ತಿಡುವುದು ಯಾರು ಎಂಬ ಸೋಮಾರಿತನಕ್ಕೆ ಅವನೇ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟಿದ್ದ. ಅದಕ್ಕೂ ಬೀಗ ಬಿದ್ದಿತ್ತು.

"ಯಾರ ಲಾಗಿನ್ನಿಂದ ಒಳಗೆ ಬಂದಿದ್ದಾರೆ ಅಂತ ಗೊತ್ತಾದ್ರೆ ಮಿಕ್ಕಿದ್ದನ್ನಾದ್ರೂ ಉಳಿಸಬಹುದು," ಎಂದ.

"ಡಾಕ್ಟರದ್ದು," ಎಂದಳು ಅಕ್ಕ. "ಬೆಳಿಗ್ಗೆ ಯಾರೋ ಕೇಳಿದ್ರು, ಕೋಡ್ ಕೊಟ್ಟುಬಿಟ್ಟೆ."

"ಪಾಸ್‌ವರ್ಡ್ ಮೊದಲೇ ಕದ್ದಿರಬೇಕು, ಕೋಡೊಂದೇ ಬಾಕಿ ಇತ್ತು," ಎಂದ. ಅವನ ಬೆರಳುಗಳು ಕೀಬೋರ್ಡಿನ ಮೇಲೆ ಓಡಿದವು. ಒಂದೆರಡು ಯಂತ್ರ ಉಳಿದುಕೊಂಡವು, ಅಷ್ಟೇ. "ಆಗ್ಲೇ ಹೇಳಿದ್ರೆ ಎಲ್ಲಾ ಉಳೀತಿತ್ತಲ್ಲ ಅಕ್ಕ!"

"ಆಗ್ಲೇ ಹೇಳೋಕೆ ಹೆದರಿಕೆ ಆಯ್ತು. ಮತ್ತೆ ನಗ್ತಿದ್ರಿ."

ಅವನ ಮುಖ ಬಿಳಿಚಿತು. ಡಿಸ್ಕಿನ ವೈರನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತ.

ಮ್ಯಾನೇಜರ್ ಬಾಗಿಲು ಮುಚ್ಚಿ ದನಿ ತಗ್ಗಿಸಿದರು. "ಹೊರಗೆ ಒಂದು ಸೊಲ್ಲೂ ಹೋಗಕೂಡದು. ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ ಅಂತ ಕಳಿಸಿ. ಹೆಸರು ಕೆಟ್ರೆ ಸೆಂಟರ್ ಮುಚ್ಚುತ್ತೆ. ಇಲ್ಲಿರೋರ ಹೊಟ್ಟೆಪಾಡು ಏನಾಗ್ಬೇಕು ಹೇಳಿ?"

ಅದೇನೂ ಸುಳ್ಳಲ್ಲ. ಅವರ ಸಂಬಳದಲ್ಲೂ ಮನೆ ನಡೆಯಬೇಕಿತ್ತು, ಅಕ್ಕನದರಲ್ಲೂ.

ಹೊರಗೆ ಮೊದಲ ಸಾಲಿನಲ್ಲಿ ಒಬ್ಬ ಗಂಡಸು ಬೆಳಿಗ್ಗೆಯಿಂದ ಕಾದು ಕೂತಿದ್ದ. ಅವನ ಹೆಂಡತಿಗೆ ನಾಳೆ ತಲೆಯ ಆಪರೇಷನ್. ಹಿಂದಿನ ದಿನ ತೆಗೆದ ಸ್ಕ್ಯಾನ್ ಇವತ್ತು ಸಂಜೆಯೊಳಗೆ ಕೈಗೆ ಬರಲೇಬೇಕೆಂದು ಸರ್ಜನ್ ಹೇಳಿದ್ದರು. ಆಕೆ ಕಣ್ಣು ಮುಚ್ಚಿ ಅವನ ಭುಜಕ್ಕೆ ಒರಗಿದ್ದಳು.

"ರಿಪೋರ್ಟ್ ಆಯ್ತಾ ಮೇಡಂ?"

ನಾಳೆ ಬನ್ನಿ ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ.

"ಇಲ್ಲ. ನಿಮ್ಮ ಮನೆಯವರ ಸ್ಕ್ಯಾನ್ ಹೋಗಿದೆ. ಕಂಪ್ಯೂಟರಿಗೆ ಕಳ್ಳರು ನುಗ್ಗಿದ್ದಾರೆ. ವಾಪಸ್ ಸಿಗುತ್ತೆ ಅಂತ ಕಾಯ್ಬೇಡಿ, ಈಗ್ಲೇ ಬೇರೆ ಕಡೆ ಹೋಗಿ ಹೊಸದಾಗಿ ತೆಗೆಸಿ. ಬೆಳಿಗ್ಗೆ ಅವರಿಗೆ ಒಳಗೆ ಹೋಗೋ ಕೋಡ್ ಹೇಳಿದ್ದು ನಾನೇ."

"ಬೆಳಿಗ್ಗೆಯಿಂದ ಇಲ್ಲೇ ಸಾಯ್ತಿದ್ದೀವಲ್ರೀ! ಆಗ್ಲೇ ಬಾಯಿ ಬಿಡೋಕೆ ನಿಮಗೇನು ಧಾಡಿಯಾಗಿತ್ತು?"

ಅವಳು ತಲೆ ತಗ್ಗಿಸಿದಳು. ಅವನು ಹೆಂಡತಿಯ ತೋಳು ಹಿಡಿದು ಎಬ್ಬಿಸಿದ.

"ಮತ್ತೆ ಆ ಮೆಷಿನ್ನೊಳಗೆ ಮಲಗಬೇಕಾ?" ಆಕೆ ಸಣ್ಣ ದನಿಯಲ್ಲಿ ಕೇಳಿದಳು. ಅವನು ಆಕೆಯನ್ನು ನಿಧಾನಕ್ಕೆ ನಡೆಸಿಕೊಂಡು ಹೋದ.

ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು. "ಒಳಗೆ ಬನ್ನಿ ಇಲ್ಲಿ. ನಾಳೆಯಿಂದ ನೀವು..."

"ಇವರನ್ನೆಲ್ಲ ಕಳಿಸಿ ಬರ್ತೀನಿ ಸರ್," ಎಂದಳು. ಸಾಲಿನಲ್ಲಿ ಮುಂದಿದ್ದ ಮುದುಕರೊಬ್ಬರು ಚೀಟಿ ಚಾಚಿದರು. "ಅಜ್ಜ, ಕೂರಬೇಡಿ. ಮೊದಲು ನಾನು ಹೇಳೋದು ಕೇಳಿ," ಎಂದು ಮತ್ತೆ ಮೊದಲಿಂದ ಶುರುಮಾಡಿದಳು.

ಸಿಸ್ಟಮ್ ಸರ್ ಹೊರಗೆ ಬಂದು ಅವಳ ಪಕ್ಕದಲ್ಲಿ ನಿಂತ. "ನೀವು ಈ ಕಡೆಯವರಿಗೆ ಹೇಳಿ ಅಕ್ಕ," ಎಂದ. "ಆ ಕಡೆಯವರಿಗೆ ನಾನು ಹೇಳ್ತೀನಿ. ಡಿಸ್ಕಿನ ವಿಷಯಾನೂ."