ಸೆಟಲ್ ಆಗೋ ಮಾತು

ಗ್ಯಾರಂಟಿ ಸರ್ ಮಗಳ ವೀಸಾ ಫೈಲು ನನ್ನ ಮೇಜಿಗೆ ಬಂದ ದಿನ, ಕಾಗದಕ್ಕೆ ತೂತು ಹೊಡೆಯುತ್ತಿದ್ದವಳು ಕೈ ನಿಲ್ಲಿಸಿ ನಕ್ಕೆ. ಯಾರೂ ನೋಡಲಿಲ್ಲ. ಆ ಆಫೀಸಿನಲ್ಲಿ ನನ್ನ ಕಡೆ ನೋಡುವವರೇ ಕಡಿಮೆ. ಕರೆಯಬೇಕಾದಾಗ ಕರೆಯುತ್ತಿದ್ದುದು 'ಮ್ಯೂಟ್' ಎಂದು.

ಆ ಹೆಸರಿಟ್ಟವರು ಗ್ಯಾರಂಟಿ ಸರ್ ಅವರೇ. ಹೊರದೇಶದ ಯೂನಿವರ್ಸಿಟಿಗೆ ಹೋಗುವ ಹುಡುಗ ಹುಡುಗಿಯರಿಗೆ ವೀಸಾ ಕಾಗದ ಹೊಂದಿಸಿಕೊಡುವುದು, ಇಂಟರ್‌ವ್ಯೂಗೆ ತಯಾರು ಮಾಡುವುದು ಅವರ ಕಸುಬು. 'ಗ್ಯಾರಂಟಿ' ಅನ್ನದೆ ಅವರ ಒಂದು ವಾಕ್ಯವೂ ಮುಗಿಯುವುದಿಲ್ಲ. ಊಟಕ್ಕೆ ಹೋಗಿ ಬರುತ್ತೇನೆ ಎನ್ನುವುದಕ್ಕೂ ಗ್ಯಾರಂಟಿ ಕೊಡುತ್ತಾರೆ. ಫೋಟೋ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಆಫೀಸು. ಒಳಗೆ ಕಾಲಿಡುತ್ತಲೇ ಎದುರಿಗೆ ಕಾಣುವ ಗೋಡೆಯ ತುಂಬ ವೀಸಾ ಸಿಕ್ಕವರ ಫೋಟೋಗಳು. ಎಲ್ಲರೂ ಪಾಸ್‌ಪೋರ್ಟನ್ನು ಗದ್ದದ ಕೆಳಗೆ ಹಿಡಿದು ಹಲ್ಲು ಬಿಟ್ಟಿದ್ದಾರೆ. ಸಿಗದವರಿಗೆ ಗೋಡೆ ಇರಲಿಲ್ಲ.

ನಾನು ಸಿಗದವಳು.

ನನ್ನ ಕಾಗದಗಳೆಲ್ಲ ಸರಿಯಾಗಿದ್ದವು. ಯೂನಿವರ್ಸಿಟಿಯ ಸೀಟಿನ ಪತ್ರ, ಭಾಷೆಯ ಪರೀಕ್ಷೆ, ಬ್ಯಾಂಕಿನವರ ಪತ್ರ, ವೈದ್ಯರ ಸರ್ಟಿಫಿಕೇಟು, ಒಂದೂ ತಪ್ಪಿರಲಿಲ್ಲ. ಅಪ್ಪ ಟೈಲರು. ಇಂಟರ್‌ವ್ಯೂಗೆಂದು ನನಗೊಂದು ಬೂದುಬಣ್ಣದ ಕೋಟು ಹೊಲಿದುಕೊಟ್ಟಿದ್ದರು. ಒಳಗಿನ ಅಸ್ತರಿಗೆ ಅಂಗಡಿಯಲ್ಲಿದ್ದ ಅತಿ ಒಳ್ಳೆಯ ಬಟ್ಟೆ ಹಾಕಿದ್ದರು. ಯಾರಿಗೂ ಕಾಣುವುದಿಲ್ಲವಲ್ಲ ಅಂದರೆ, "ನಿಂಗೆ ಗೊತ್ತಿರುತ್ತಲ್ಲ, ಸಾಕು" ಅಂದಿದ್ದರು.

ಗ್ಯಾರಂಟಿ ಸರ್ ಎಲ್ಲರಿಗೂ ಉತ್ತರಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು. ಓದು ಮುಗಿದ ಮೇಲೆ ಏನು ಮಾಡುತ್ತೀ ಎಂಬುದು ಕೊನೆಯ ಪ್ರಶ್ನೆ. ಅದಕ್ಕೆ ಅವರೇ ಕಟ್ಟಿದ ಸಾಲು: ಚೆನ್ನಾಗಿ ಓದಿ ಸೆಟಲ್ ಆಗಬೇಕೆಂಬುದೇ ನನ್ನ ಗುರಿ. "ಜವಾಬ್ದಾರಿ ಇರೋ ಮಗು ಅನ್ಸುತ್ತೆ. ಗ್ಯಾರಂಟಿ ಸಾಲು ಇದು."

ನಮ್ಮ ಮನೆಗಳಲ್ಲಿ ಸೆಟಲ್ ಅಂದರೆ ಏನೆಂದು ಯಾರೂ ಯಾರಿಗೂ ವಿವರಿಸಬೇಕಾಗಿಲ್ಲ. ಕೆಲಸ ಸಿಕ್ಕಿದರೆ ಸೆಟಲ್, ಮದುವೆಯಾದರೆ ಸೆಟಲ್, ಜಗಳ ಮುಗಿದರೂ ಸೆಟಲ್. ಸೋದರತ್ತೆ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ "ಇವಳು ಯಾವಾಗ ಸೆಟಲ್ ಆಗೋದು?" ಅನ್ನುತ್ತಾರೆ. ನಾನೂ ಅದೇ ಅರ್ಥದಲ್ಲಿ, ಗಾಜಿನ ಆಚೆ ಕುಳಿತ ಆಫೀಸರಿಗೆ ಆ ಸಾಲನ್ನು ಒಪ್ಪಿಸಿದೆ. ಆಕೆಗೆ ನೆಗಡಿಯಾಗಿತ್ತು. ಮೂಗೊರೆಸಿಕೊಂಡು, ತಲೆ ಎತ್ತಿ, ಒಂದೇ ಪದ ಕೇಳಿದರು.

"ಎಲ್ಲಿ?"

ನಾನು ಸುಮ್ಮನಾದೆ. ನಮ್ಮ ಸೆಟಲ್‌ಗೆ ಊರಿಲ್ಲ. ಎಲ್ಲಿ ಎಂಬ ಪ್ರಶ್ನೆ ಅದಕ್ಕೆ ಅಂಟುವುದೇ ಇಲ್ಲ. ಆದರೆ ಆಕೆಯ ಕಿವಿಗೆ ಬಿದ್ದದ್ದು ಬೇರೆ: ಈ ಹುಡುಗಿ ಓದುವ ನೆಪದಲ್ಲಿ ಬಂದು ನಮ್ಮ ದೇಶದಲ್ಲೇ ಠಿಕಾಣಿ ಹೂಡುತ್ತಾಳೆ. ಅವರು ಓದಲಿಕ್ಕೆ ಬಿಡುವುದು ಓದಿ ವಾಪಸು ಹೋಗುವವರನ್ನು ಮಾತ್ರ. ಕೈಗೆ ಬಂದ ಚೀಟಿಯಲ್ಲೂ ಅದೇ ಇತ್ತು, ನೀವು ಹಿಂತಿರುಗುತ್ತೀರೆಂಬ ನಂಬಿಕೆ ಬರಲಿಲ್ಲವೆಂದು. ಆಗ ನನಗೆ ಇದೇನೂ ತಿಳಿಯಲಿಲ್ಲ. ನಾನೇ ಏನೋ ಕೆಡಿಸಿದೆ ಅಂದುಕೊಂಡೆ.

ಹಾಗೆ ಅಂದುಕೊಳ್ಳಲು ಗ್ಯಾರಂಟಿ ಸರ್ ಸಹಾಯವನ್ನೂ ಮಾಡಿದರು. ಅಂಗಡಿಗೆ ಬಂದು, ಗಿರಾಕಿಗಳೆಲ್ಲ ನಿಂತಿರುವಾಗಲೇ ಅಪ್ಪನಿಗೆ ಹೇಳಿದರು: "ಮಾಸ್ಟ್ರೇ, ಪೇಪರೆಲ್ಲ ಪಕ್ಕಾ ಇತ್ತು. ನಾನ್ ಕಲ್ಸಿದ್ದೂ ಪಕ್ಕಾ. ನಿಮ್ಮ ಹುಡುಗಿ ಬಾಯೇ ಬಿಡ್ಲಿಲ್ಲ. ನಾನೇನ್ ಅವಳ ಗಂಟಲಲ್ಲಿ ಕೂತ್ಕೊಳ್ಳೋಕಾಗುತ್ತಾ?" ಮತ್ತೆ, ದೊಡ್ಡ ಮನಸ್ಸು ಮಾಡಿದವರಂತೆ: "ಮನೇಲಿ ಕೂತು ಏನ್ ಮಾಡ್ತಾಳೆ, ನಮ್ಮಲ್ಲಿ ಫೈಲ್ ಜೋಡಿಸ್ಲಿ. ಅದಕ್ಕೆ ಬಾಯಿ ಬೇಕಾಗಿಲ್ಲ."

ಅಪ್ಪ ಅವರಿಗೆ ಕೈ ಮುಗಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ. ಅವರು ಅಂದಿನಿಂದ ನನ್ನ ಪರವಾಗಿ ಮಾತಾಡತೊಡಗಿದರು. ಬಸ್ಸಿನಲ್ಲಿ ಟಿಕೆಟ್ ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕೇಳಿರುತ್ತಿದ್ದರು. ವೈದ್ಯರ ಮುಂದೆ ನಾನು ಬಾಯಿ ಅಗಲಿಸಿ ಕುಳಿತಿದ್ದರೂ, "ಅವಳಿಗೆ ಗಂಟಲು ನೋವು, ಸರ್. ಅವಳು ಹೇಳಲ್ಲ, ನಾನ್ ಹೇಳ್ತೀನಿ" ಅನ್ನುತ್ತಿದ್ದರು. ನಾನು ಕಡಿಮೆ ಮಾತಿನವಳು ಹೌದು. ಆದರೆ ಇದ್ದ ನಾಲ್ಕು ಮಾತನ್ನೂ ಗ್ಯಾರಂಟಿ ಸರ್ ಬಂದು ಬಾಚಿಕೊಂಡು ಹೋಗಿದ್ದರು.

ಅದಕ್ಕೇ ಕೆಲಸಕ್ಕೆ ಸೇರಿದೆ. ಅಂಗಡಿಯಲ್ಲಿ ಆಡಿದ ಆ ಮಾತನ್ನು ಅವರ ಬಾಯಿಂದಲೇ, ಅದೇ ಅಂಗಡಿಯಲ್ಲಿ, ಅಪ್ಪನ ಎದುರಿಗೇ ವಾಪಸು ತೆಗೆಸಬೇಕು. ಹೇಗೆಂದು ಗೊತ್ತಿರಲಿಲ್ಲ. ಕಾಯುವುದು ಮಾತ್ರ ನನಗೆ ಚೆನ್ನಾಗಿ ಬರುತ್ತಿತ್ತು.

ವೀಸಾ ಸಿಗದವರು ತಮ್ಮ ಮೂಲ ಸರ್ಟಿಫಿಕೇಟುಗಳನ್ನು ವಾಪಸು ಪಡೆಯಲು ನನ್ನ ಮೇಜಿಗೇ ಬರುತ್ತಿದ್ದರು. ಅಂಥವರಿಗೆ ಗ್ಯಾರಂಟಿ ಸರ್ ಮುಖ ಕೊಡುತ್ತಿರಲಿಲ್ಲ. ಮಾತಾಡದವರ ಎದುರು ಜನ ಬೇಗ ಬಾಯಿ ಬಿಡುತ್ತಾರೆ. ನಾನು ಕ್ಲಿಪ್ಪು ಬಿಚ್ಚುತ್ತಿದ್ದಂತೆ ಅವರೇ ಶುರು ಮಾಡುತ್ತಿದ್ದರು. "ಎಲ್ಲಾ ಚೆನ್ನಾಗಿ ಹೋಯ್ತು. ಕೊನೇಲಿ ಅದೇನೋ, ಎಲ್ಲಿ ಅಂತ ಕೇಳಿದ್ರು." ಇನ್ನೊಬ್ಬ ಬಂದ, "ಎಲ್ಲಿ ಅಂದ್ರು." ಮತ್ತೊಬ್ಬಳು ಬಂದಳು, ಕಣ್ಣೊರೆಸಿಕೊಂಡು, "ಎಲ್ಲಿ ಅಂದ್ರೆ ಏನ್ ಹೇಳೋದು?" ಎಲ್ಲರಿಗೂ ಅದೇ ಸಾಲು, ಅದೇ ಪ್ರಶ್ನೆ; ಕೆಡಿಸಿದ್ದು ನಾನಲ್ಲ, ಆ ಸಾಲು. ಆಮೇಲೆ ಗೋಡೆಯ ಮೇಲಿನವರನ್ನು ಮೆಸೇಜು ಮಾಡಿ ವಿಚಾರಿಸಿದೆ. ಅವರಲ್ಲಿ ಬಹಳ ಜನ ಗಾಬರಿಯಲ್ಲಿ ಕೊನೆಯ ಸಾಲನ್ನೇ ಮರೆತವರು.

ಅಂದಿನಿಂದ, ಇಂಟರ್‌ವ್ಯೂಗೆ ಹೊರಟವರ ಕೈಗೆ ಬಾಗಿಲಲ್ಲಿ ಫೈಲು ಕೊಡುವಾಗ ಮೆಲ್ಲಗೆ ಹೇಳತೊಡಗಿದೆ: "ಕೊನೆ ಸಾಲು ಬಿಟ್ಬಿಡಿ. ವಾಪಸ್ ಬಂದು ಏನ್ ಕೆಲ್ಸ ಮಾಡ್ತೀರೋ ಅದನ್ನ ಹೇಳಿ." ಗೋಡೆ ತುಂಬಿತು. ಗ್ಯಾರಂಟಿ ಸರ್ ಹೊಸ ಚೌಕಟ್ಟುಗಳನ್ನು ತರಿಸಿದರು. "ನೋಡಿದ್ರಾ ನನ್ ಸಾಲಿನ ಪವರ್ರು" ಎಂದು ಬಂದವರಿಗೆಲ್ಲ ತೋರಿಸಿದರು. ಆ ಹುಡುಗರ ಮೇಲಿನ ಕನಿಕರಕ್ಕಷ್ಟೇ ನಾನು ಹೇಳುತ್ತಿರಲಿಲ್ಲ. ಗೋಡೆ ತುಂಬಿದಷ್ಟೂ ಆ ಸಾಲಿನ ಮೇಲೆ ಅವರ ನಂಬಿಕೆ ಗಟ್ಟಿಯಾಗುತ್ತಿತ್ತು. ಅವರ ಮಗಳು ಡಿಗ್ರಿ ಮುಗಿಸುವುದರಲ್ಲಿದ್ದಳು. ಅದೇ ಸಾಲನ್ನು ಒಂದು ದಿನ ತಮ್ಮ ಮನೆಯ ತಟ್ಟೆಗೇ ಬಡಿಸಿಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು.

ಬಡಿಸಿಕೊಂಡರು. ಮಗಳು ಅಪ್ಪನ ಹಾಗೇ ಮಾತಿನ ಮಲ್ಲಿ. ಆದರೆ ಮನಸ್ಸಿನಲ್ಲಿ ಕೊಳಕಿಲ್ಲ. ಇಂಟರ್‌ವ್ಯೂ ಹತ್ತಿರ ಬಂದಾಗ ನನ್ನ ಮೇಜಿನ ಮೇಲೆ ಮೊಣಕೈ ಊರಿ ಕೇಳಿದಳು. "ಮ್ಯೂಟಕ್ಕಾ, ನೀವು ಎಲ್ರಿಗೂ ಬಾಗಿಲ ಹತ್ರ ಏನೋ ಮಂತ್ರ ಊದ್ತೀರಂತೆ. ನನ್ನ ಫ್ರೆಂಡ್ ಹೇಳಿದ್ಲು. ನಂಗೂ ಊದಿ."

"ಊದ್ತೀನಿ," ಅಂದೆ. "ಮೊದ್ಲು ನಿಮ್ಮಪ್ಪ ನಮ್ಮಪ್ಪನ ಅಂಗಡಿಗೆ ಬಂದು ಒಂದ್ ಮಾತು ಹೇಳ್ಲಿ."

"ಏನಂತ?"

"ನಿಮ್ಮ ಹುಡುಗಿ ಬಾಯಿ ಬಿಟ್ಟಿದ್ಲು, ನಾನ್ ಕಲ್ಸಿದ್ದೇ ತಪ್ಪು ಅಂತ."

ಅವಳು ಒಳಕೋಣೆಗೆ ಓಡಿದಳು. ಒಳಗಿನಿಂದ ದೊಡ್ಡ ನಗು ಕೇಳಿಸಿತು. ಗ್ಯಾರಂಟಿ ಸರ್ ಹೊಟ್ಟೆ ಸವರಿಕೊಳ್ಳುತ್ತ ಹೊರಗೆ ಬಂದರು. "ಏನಮ್ಮಾ ಮ್ಯೂಟು, ವಾಲ್ಯೂಮ್ ಬಂದ್ಬಿಟ್ಟಿದೆ?" ಕಾಯುತ್ತಿದ್ದವರೆಲ್ಲ ನಕ್ಕರು. "ಆ ಗೋಡೆ ನೋಡು. ಅಷ್ಟೂ ಜನ ನನ್ನ ಸಾಲಿಂದಲೇ ಹೋಗಿರೋದು. ನೀನೊಬ್ಬಳು ಉಳಿದೆ ಅಂತ ಸಾಲು ತಪ್ಪಾಗುತ್ತಾ?"

"ಅವಳಿಗಾದ್ರೂ ಆ ಸಾಲು ಬೇಡ ಸರ್," ಅಂದೆ.

"ನೀನ್ ತೂತು ಹೊಡಿ," ಅಂದರು.

ಹೊಡೆದೆ. ಅವಳ ಫೈಲನ್ನು ಬೇರೆಲ್ಲ ಫೈಲಿಗಿಂತ ಅಂದವಾಗಿ ಜೋಡಿಸಿದೆ. ಕಾಗದದ ಕಡೆಯಿಂದ ಒಂದು ಕೂದಲೆಳೆಯಷ್ಟೂ ನೆಪ ಉಳಿಯಬಾರದು. ಬಾಗಿಲಲ್ಲಿ ಅದನ್ನು ಕೊಟ್ಟು ಸುಮ್ಮನೆ ನಿಂತೆ. ಅವಳು ನನ್ನ ಬಾಯನ್ನೇ ನೋಡಿದಳು. ನಾನು ಬಾಗಿಲು ಹಿಡಿದುಕೊಂಡೆ, ಅವಳು ಹೋಗಲಿ ಎಂದು.

ಮರಳಿ ಬಂದಾಗ ಅವಳ ಧ್ವನಿ ಮೆಟ್ಟಿಲಿನಿಂದಲೇ ಕೇಳುತ್ತಿತ್ತು.

"ರಿಜೆಕ್ಟ್ ಅಪ್ಪಾ. ನೀವ್ ಹೇಳಿದ್ದನ್ನೇ ಹೇಳಿದೆ. ಸೆಟಲ್ ಆಗ್ಬೇಕು ಅಂದೆ. ಎಲ್ಲಿ ಅಂತ ಕೇಳಿದ್ರು."

"ಸುಮ್ನಿದ್ಯಾ?" ಗ್ಯಾರಂಟಿ ಸರ್ ಮುಖದಲ್ಲಿ ಒಂದು ಆಸೆ ಮೂಡಿತು, ತಮ್ಮ ಸಾಲು ಉಳಿಯಬಹುದೆಂದು.

"ಸುಮ್ನಿರೋಕೆ ನಾನೇನ್ ಮ್ಯೂಟಕ್ಕಾನಾ? ನಿಮ್ಮ ದೇಶ ತುಂಬ ಚೆನ್ನಾಗಿದೆ ಮೇಡಂ, ಅಲ್ಲೇ ಅಂದೆ. ಬೇಕಾದ್ರೆ ಊರಿನ ಹೆಸರೂ ಹೇಳ್ತೀನಿ ಅಂದೆ."

ಕಾಯುತ್ತಿದ್ದವರಲ್ಲಿ ಯಾರೋ ಕೆಮ್ಮಿದರು. ಒಬ್ಬ ತಾಯಿ ತನ್ನ ಮಗನ ಫೈಲನ್ನು ಮೇಜಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಗ್ಯಾರಂಟಿ ಸರ್ "ಮೆಲ್ಲಗೆ, ಮೆಲ್ಲಗೆ" ಅಂದರು. "ಆಫೀಸರ್‌ಗೆ ಮೂಡ್ ಇರ್ಲಿಲ್ಲ ಅನ್ಸುತ್ತೆ." ನನ್ನ ವೀಸಾ ಹೋದದ್ದು ನನಗೆ ಬಾಯಿಲ್ಲದೆ, ಅವರ ಮಗಳದ್ದು ಆಫೀಸರಿಗೆ ಮೂಡಿಲ್ಲದೆ. ನನ್ನ ಹೊಟ್ಟೆ ತಣ್ಣಗಾಯಿತು. ಪಾಪ ಅನ್ನಿಸಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಅವಳು ಅತ್ತಾಗ ಒಂದು ಲೋಟ ನೀರು ಕೊಟ್ಟೆ. ಅಷ್ಟೇ ಅನ್ನಿಸಿತು.

ಮತ್ತೆ ಅರ್ಜಿ ಹಾಕಲು ಅವಕಾಶವಿತ್ತು. ಕಾಲೇಜು ಶುರುವಾಗುವುದರೊಳಗೆ ಇನ್ನೊಂದೇ ಇಂಟರ್‌ವ್ಯೂ ಸಿಗಬಹುದು. ಗ್ಯಾರಂಟಿ ಸರ್ ನನ್ನ ಮೇಜಿನ ಸುತ್ತ ಸುಳಿದಾಡಿದರು. ಸ್ಟೇಪ್ಲರ್ ಎತ್ತಿ ನೋಡಿದರು, ಇಟ್ಟರು.

"ಅದೇನಮ್ಮಾ ನೀನ್ ಬಾಗಿಲಲ್ಲಿ ಹೇಳೋದು?"

"ಅಂಗಡಿಗೆ ಬನ್ನಿ ಸರ್. ಅಪ್ಪ ಸಂಜೆ ಇರ್ತಾರೆ."

ಬಂದರು. ಸುಮ್ಮನೆ ಬರಲು ಮುಖವಿಲ್ಲದೆ, ಕಾಲಿಗೆ ಉದ್ದವಾಗಿದ್ದ ಹೊಸ ಪ್ಯಾಂಟೊಂದನ್ನು ಹಾಕಿಕೊಂಡು, ಅದನ್ನು ಕತ್ತರಿಸಿ ಮಡಚಿ ಹೊಲಿಸುವ ನೆಪ ಮಾಡಿಕೊಂಡು ಬಂದರು. ಹಿಂದೆ ಮಗಳು. ಅಪ್ಪ ಸಂಭ್ರಮದಿಂದ ಮಷಿನ್ ಬಿಟ್ಟೆದ್ದು, ತುಟಿಯ ನಡುವೆ ಗುಂಡುಪಿನ್ನುಗಳನ್ನು ಕಚ್ಚಿ, ಅವರ ಕಾಲ ಬಳಿ ಮಂಡಿಯೂರಿದರು. ಆ ಅಂಗಡಿಯಲ್ಲಿ ನನ್ನ ಬೂದು ಕೋಟು ಇನ್ನೂ ಮೊಳೆಗೆ ತೂಗುತ್ತಿತ್ತು. ಗಿರಾಕಿಗಳಿಬ್ಬರು ಬೆಂಚಿನ ಮೇಲಿದ್ದರು. ಅವತ್ತೂ ಹಾಗೇ ಇದ್ದರಲ್ಲ, ಒಳ್ಳೆಯದಾಯಿತು ಅಂದುಕೊಂಡೆ.

ಅಪ್ಪ ಒಂದು ಕಾಲಿಗೆ ಪಿನ್ನು ಹಾಕಿ ಮುಗಿಸುವಾಗ ಗ್ಯಾರಂಟಿ ಸರ್ ಸೂರನ್ನು ನೋಡುತ್ತ ಗೊಣಗಿದರು. "ಮಾಸ್ಟ್ರೇ, ಅವತ್ತು ನಿಮ್ಮ ಹುಡುಗಿ ವಿಷಯದಲ್ಲಿ ನಮ್ಮ ಕಡೆಯಿಂದನೂ ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು."

"ಮ್?" ಅಂದರು ಅಪ್ಪ, ಪಿನ್ನುಗಳ ನಡುವಿನಿಂದ.

"ಅಪ್ಪನಿಗೆ ಕೇಳಿಸ್ಲಿಲ್ಲ ಸರ್," ಅಂದೆ. "ಸ್ವಲ್ಪ ಬಾಯಿ ಬಿಟ್ಟು ಹೇಳಿ."

ಅವರು ಬಾಗಿಲ ಕಡೆ ನೋಡಿದರು. ಒಂದು ಕಾಲಿನ ತುಂಬ ಪಿನ್ನು ಚುಚ್ಚಿತ್ತು. ಹೆಜ್ಜೆ ಎತ್ತಿದರೆ ಮೀನಖಂಡಕ್ಕೆ ನಾಟುತ್ತಿತ್ತು. ಮಗಳು, "ಹೇಳಿ ಅಪ್ಪಾ, ನನ್ನ ಇಂಟರ್‌ವ್ಯೂ ಇದೆ," ಅಂದಳು.

"ನಿಮ್ಮ ಹುಡುಗಿ ಬಾಯಿ ಬಿಟ್ಟಿದ್ಲು ಮಾಸ್ಟ್ರೇ. ನಾನ್ ಕಲ್ಸಿದ್ದನ್ನೇ ಹೇಳಿದ್ಲು." ಮಗಳ ಕಡೆ ನೋಡಿದರು. "ನಾನ್ ಕಲ್ಸಿದ್ದೇ ತಪ್ಪು."

ಅಪ್ಪ ತುಟಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ತೋಳಿನ ಪಟ್ಟಿಗೆ ಚುಚ್ಚಿಕೊಂಡರು. ಏನೋ ಹೇಳಲು ಬಾಯಿ ತೆರೆದವರು ತಡೆದು, ನನ್ನ ಕಡೆ ತಿರುಗಿದರು.

"ಹೌದೇನಮ್ಮಾ?"

ಕೇಳಿ, ಕಾದರು. ಎಷ್ಟೋ ಕಾಲದ ಮೇಲೆ ಅಪ್ಪ ನನ್ನ ಉತ್ತರಕ್ಕೆ ಕಾದದ್ದು ಅದೇ.

"ಹೌದಪ್ಪಾ," ಅಂದೆ.

ಗ್ಯಾರಂಟಿ ಸರ್‌ಗೆ ಉಸಿರು ಬಂತು. ಹೆಗಲು ಸಡಿಲಾಯಿತು. ಹಳೆಯ ನಗುವೂ ಅರ್ಧ ಮರಳಿತು. "ಸರಿ ಹಾಗಾದ್ರೆ. ಎಲ್ಲಾ ಸೆಟಲ್ ಆಯ್ತಲ್ಲಮ್ಮಾ? ಈಗ ಇವಳಿಗೆ ಆ ಮಂತ್ರ ಹೇಳ್ಬಿಡು."

"ಎಲ್ಲಿ?" ಅಂದೆ.

"ಏನ್ ಎಲ್ಲಿ?"

"ಸೆಟಲ್ ಅಂದ್ರಲ್ಲ ಸರ್. ಎಲ್ಲಿ?"

ಅವರ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಗಾಜಿನ ಈಚೆ ನಾನು ಹೇಗೆ ಕಾಣುತ್ತಿದ್ದೆನೆಂದು ಆಗ ನೋಡಿದೆ. ಕಣ್ತುಂಬ ನೋಡಿದೆ, ಅವಸರವಿಲ್ಲದೆ.

ಮಗಳಿಗೆ ಅಷ್ಟರಲ್ಲಿ ಹೊಳೆದಿತ್ತು. "ಅಯ್ಯೋ, ಆ ಒಂದು ಪದನಾ ಅಕ್ಕಾ? ಅಷ್ಟೇನಾ?"

"ಅಷ್ಟೇ. ವಾಪಸ್ ಬಂದು ಏನ್ ಮಾಡ್ತೀಯ, ಅದನ್ನ ಹೇಳು."

ಅವಳು ಅಪ್ಪನನ್ನು ನೋಡಿದಳು. ಆ ನೋಟವನ್ನು ನಾನು ಕಲಿಸಿಕೊಟ್ಟಿರಲಿಲ್ಲ. ಅದು ನನಗೆ ಕೊಸರಾಗಿ ಸಿಕ್ಕಿದ್ದು.

"ಇನ್ನೊಂದು ಕಾಲು, ಮಾಸ್ಟ್ರೇ," ಅಂದರು ಗ್ಯಾರಂಟಿ ಸರ್, ಬಹಳ ಸಣ್ಣ ಧ್ವನಿಯಲ್ಲಿ.

ಅಪ್ಪ ಎದ್ದು ಮಂಡಿ ಕೊಡವಿಕೊಂಡರು. ಟೇಪನ್ನು ಕೊರಳಿಂದ ತೆಗೆದು ಸುರುಳಿ ಸುತ್ತಿ ಮೇಜಿನ ಮೇಲಿಟ್ಟರು. ಮೊಳೆಯಿಂದ ನನ್ನ ಕೋಟು ಇಳಿಸಿ ಭುಜದ ಧೂಳು ತಟ್ಟುತ್ತ, ಅವರ ಕಡೆ ತಿರುಗದೆಯೇ ಹೇಳಿದರು.

"ಅದು ನಾಳೆ ನೋಡೋಣ ಸರ್. ಗ್ಯಾರಂಟಿ ಏನಿಲ್ಲ."

ಗ್ಯಾರಂಟಿ ಸರ್ ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ ಮಾಡಿಕೊಂಡು, ಪಿನ್ನು ಚುಚ್ಚದಂತೆ ಬಲಗಾಲನ್ನು ದೂರ ದೂರ ಇಡುತ್ತ ರಸ್ತೆಗಿಳಿದರು. ತಿರುವಿನಲ್ಲಿ ಮರೆಯಾಗುವವರೆಗೂ ನಾನು ಬಾಗಿಲಲ್ಲಿ ನಿಂತು ನೋಡಿದೆ.